ದಾರಿ ಬಲ್ಲ ಯಂತ್ರ, ದಾರಿ ಕೇಳದ ಸರಕಾರ

ಕೂಡ್ಲಿಗಿ ತಾಲ್ಲೂಕಿನ ತೆಂಕಣ ಗಡಿ ದಾಟಿದರೆ ಚಿತ್ರದುರ್ಗ ಜಿಲ್ಲೆ. ಅಲ್ಲಿಯ ಚಳ್ಳಕೆರೆ ತಾಲ್ಲೂಕಿನಲ್ಲಿ 2024ರ ಜೂನ್ 23ರ ಬೆಳಿಗ್ಗೆ ಇಸ್ರೋ ಸಂಸ್ಥೆಯವರು ಒಂದು ಪರೀಕ್ಷೆ ನಡೆಸಿದರು. ‘ಪುಷ್ಪಕ್’ ಎಂಬ ರೆಕ್ಕೆಯುಳ್ಳ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರು 4.5 ಕಿಲೋಮೀಟರು ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಒಳಗೆ ಚಾಲಕನಿರಲಿಲ್ಲ. ಬೇಕೆಂದೇ ಓಡುದಾರಿಯ ನೇರದಿಂದ ಪಕ್ಕಕ್ಕೆ ಸರಿಸಿ ಬಿಟ್ಟಿದ್ದರು. ವಾಹನವು ತಾನಾಗಿ ತನ್ನ ಓರೆಯನ್ನು ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುದಾರಿಯ ಮೇಲೆ ಇಳಿದು ನಿಂತಿತು.

ಚಾಲಕನಿಲ್ಲದ ವಾಹನಕ್ಕೆ ದಾರಿ ತೋರಿಸಿದವರು ಯಾರು? ಈ ಪ್ರಶ್ನೆ ವಿಜ್ಞಾನಿಗಳಿಗಷ್ಟೇ ಮೀಸಲಲ್ಲ. ಜನರ ಹಣದಿಂದ, ಜನರ ಕಾವಲಿನಲ್ಲಿ ನಡೆದ ಕೆಲಸ ಜನರಿಗೆ ತಿಳಿಯಬೇಕು.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತವನನ್ನು ನೆನೆಯಿರಿ. ಬಸ್ಸು ಹೊರಟಾಗ ಬೆನ್ನು ಸೀಟಿಗೆ ಒತ್ತುತ್ತದೆ. ಬ್ರೇಕು ಬಿದ್ದಾಗ ಮೈ ಮುಂದಕ್ಕೆ ವಾಲುತ್ತದೆ. ತಿರುವಿನಲ್ಲಿ ಪಕ್ಕದವನ ಮೇಲೆ ಬೀಳುತ್ತೇವೆ. ಇದ್ದ ಸ್ಥಿತಿಯನ್ನು ಬಿಡಲೊಲ್ಲದ ವಸ್ತುವಿನ ಈ ಗುಣವೇ ಜಡತ್ವ. ಎಷ್ಟು ಜೋರಾಗಿ, ಎಷ್ಟು ಹೊತ್ತು, ಯಾವ ಕಡೆಗೆ ಮೈ ವಾಲಿತೆಂದು ಲೆಕ್ಕ ಇಡಬಲ್ಲವನಿದ್ದರೆ, ಕಿಟಕಿ ತೆರೆಯದೆಯೇ ಬಸ್ಸು ಎಲ್ಲಿದೆಯೆಂದು ಹೇಳಿಯಾನು. ‘ಇನರ್ಷಿಯಲ್ ನ್ಯಾವಿಗೇಶನ್’ ಎಂಬ ಯಂತ್ರ ಮಾಡುವುದೂ ಇಷ್ಟೇ.

ಅದರಲ್ಲಿ ಮೂರು ವೇಗೋತ್ಕರ್ಷ ಮಾಪಕಗಳಿರುತ್ತವೆ: ಉದ್ದ, ಅಗಲ, ಎತ್ತರಗಳ ದಿಕ್ಕಿಗೆ ಒಂದೊಂದು. ವೇಗ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಅವು ಅಳೆಯುತ್ತವೆ. ಜೊತೆಗೆ ಮೂರು ಜೈರೊಸ್ಕೋಪುಗಳು. ಜೋರಾಗಿ ತಿರುಗುವ ಬುಗುರಿ ತನ್ನ ನಿಲುವನ್ನು ಸುಲಭವಾಗಿ ಬಿಡದೆಂಬುದನ್ನು ಹಳ್ಳಿಯ ಹುಡುಗರು ಬಲ್ಲರು. ಆ ಗುಣದಿಂದಲೇ ವಾಹನ ಎತ್ತ ತಿರುಗಿತೆಂದು ತಿಳಿಯುತ್ತದೆ. ಈಗ ಅನೇಕ ಯಂತ್ರಗಳಲ್ಲಿ ಬುಗುರಿಯ ಕೆಲಸವನ್ನು ಲೇಸರ್ ಬೆಳಕು ಮಾಡುತ್ತದೆ. ವೇಗದ ಏರಿಳಿತಗಳನ್ನು ಕೂಡಿಸಿದರೆ ವೇಗ. ವೇಗವನ್ನು ಹೊತ್ತಿನೊಂದಿಗೆ ಕೂಡಿಸಿದರೆ ನಡೆದ ದೂರ. ಹೊರಟ ಜಾಗ ಯಾವುದೆಂದು ಮೊದಲೇ ಹೇಳಿಕೊಟ್ಟಿದ್ದರೆ, ಈಗಿರುವ ಜಾಗ ಗಣಕದಲ್ಲಿ ಮೂಡುತ್ತದೆ. ನಕ್ಷತ್ರ ಬೇಡ, ರೇಡಿಯೋ ಬೇಡ, ಉಪಗ್ರಹವೂ ಬೇಡ. 1958ರ ಆಗಸ್ಟ್ 3ರಂದು ಅಮೆರಿಕದ ‘ನಾಟಿಲಸ್’ ಜಲಾಂತರ್ಗಾಮಿ ಮಂಜುಗಡ್ಡೆಯ ಕೆಳಗಿನಿಂದಲೇ ಉತ್ತರ ಧ್ರುವವನ್ನು ದಾಟಿದ್ದು ಇಂಥ ಯಂತ್ರವನ್ನು ನಂಬಿ.

ಆದರೆ ಈ ಯಂತ್ರಕ್ಕೊಂದು ದೋಷವಿದೆ. ನಮ್ಮ ಮಾತಿನ ತಿರುಳೂ ಅಲ್ಲಿಯೇ ಇದೆ. ತನ್ನ ಲೆಕ್ಕವನ್ನೇ ನಂಬಿ ನಡೆಯುವುದರಿಂದ, ಒಂದು ಸಣ್ಣ ತಪ್ಪು ಹೊಕ್ಕರೆ ಬೆಳೆಯುತ್ತಲೇ ಹೋಗುತ್ತದೆ. ಮಾಪಕದಲ್ಲಿ ಭೂಮಿಯ ಸೆಳೆತದ ಸಾವಿರದ ಒಂದು ಪಾಲಿನಷ್ಟು ತಪ್ಪಿದ್ದರೆ, 1 ನಿಮಿಷದಲ್ಲಿ ವಾಹನದ ಜಾಗ ಸುಮಾರು 18 ಮೀಟರು ತಪ್ಪುತ್ತದೆ. 2 ನಿಮಿಷಕ್ಕೆ ಸುಮಾರು 70 ಮೀಟರು. ಹೊತ್ತು ಇಮ್ಮಡಿ, ತಪ್ಪು ನಾಲ್ಮಡಿ! ತಾನು ತಪ್ಪಿದ್ದೇನೆಂಬುದು ಯಂತ್ರಕ್ಕೆ ತಿಳಿಯದು. ಹೊರಗಿನ ಸಾಕ್ಷಿ ಬಂದು ಹೇಳಬೇಕು.

ಆದಕಾರಣ ಪುಷ್ಪಕ್ ವಾಹನದಲ್ಲಿ ಜಡತ್ವ ಮಾಪಕ ಒಂದೇ ಇರಲಿಲ್ಲ. ಎತ್ತರವನ್ನಳೆಯುವ ರೇಡಾರು, ಗಾಳಿಯ ಒತ್ತಡ ನೋಡುವ ಉಪಕರಣ, ನೆಲದಿಂದ ಸಂಕೇತ ಕೊಡುವ ಕೇಂದ್ರಗಳು, ನಮ್ಮ ದೇಶದ್ದೇ ಆದ ‘ನಾವಿಕ್’ ಉಪಗ್ರಹಗಳು, ಇವೆಲ್ಲವೂ ಜೊತೆಗೂಡಿ ಒಂದರ ತಪ್ಪನ್ನು ಇನ್ನೊಂದು ತಿದ್ದಿದವು. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ‘ವಿಕ್ರಮ್’ ಕೂಡ ತನ್ನ ಜಡತ್ವದ ಲೆಕ್ಕವನ್ನು ಎತ್ತರಮಾಪಕಗಳಿಂದಲೂ ಕ್ಯಾಮೆರಾಗಳಿಂದಲೂ ತಾಳೆ ನೋಡುತ್ತಲೇ ಇಳಿಯಿತು. ಕೇಳಿ ತಿದ್ದಿಕೊಳ್ಳುವುದನ್ನು ವಿಜ್ಞಾನಿಗಳು ಅವಮಾನವೆಂದು ಎಣಿಸಲಿಲ್ಲ.

ಪುಷ್ಪಕ್ ಇಳಿದ ನೆಲದ ವಿಚಾರದಲ್ಲಿ ಸರಕಾರ ಹೀಗೆ ನಡೆದುಕೊಂಡಿತೇ? ಆ ಓಡುದಾರಿ ಇರುವುದು ವರವು ಕಾವಲಿನಲ್ಲಿ. ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳ ಸೀಮೆ ಅದು. ಸುತ್ತಲಿನ ಹಳ್ಳಿಗಳ ದನ, ಕುರಿ, ಮೇಕೆಗಳೂ ಅಲ್ಲಿಯೇ ಮೇಯುತ್ತಿದ್ದವು. 2010ರ ಆಸುಪಾಸಿನಲ್ಲಿ ಸುಮಾರು 10,000 ಎಕರೆಯಷ್ಟು ಕಾವಲನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಹಂಚಲಾಯಿತು. ರಕ್ಷಣಾ ಸಂಶೋಧನೆಯ ಪಾಲಿಗೇ 4,000 ಎಕರೆಗೂ ಮಿಕ್ಕಿ ಹೋಯಿತು. ತಮ್ಮನ್ನು ಕೇಳಲಿಲ್ಲ, ಗೋಡೆ ಏಳುವಾಗಲೇ ತಿಳಿಯಿತು ಎಂಬುದು ಊರವರ ದೂರು. ಆ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು; 2014ರಲ್ಲಿ ತೀರ್ಪೂ ಬಂತು. 2017ರಲ್ಲಿ ವಿಮಾನ ಪರೀಕ್ಷಾ ನೆಲೆಯ ಉದ್ಘಾಟನೆಯಾಯಿತು. ಗೋಡೆ ಮಾತ್ರ ಅಲ್ಲಿಯೇ ನಿಂತಿದೆ.

ನಾವು ವಿಜ್ಞಾನದ ವೈರಿಗಳಲ್ಲ. ಪುಷ್ಪಕ್ ಇಳಿದದ್ದು ನಮಗೂ ಹೆಮ್ಮೆಯೇ. ಆದರೆ ಯಂತ್ರಕ್ಕೆ ತನ್ನದೇ ಆದ ನೀತಿಯಿಲ್ಲ. 1944ರಲ್ಲಿ ಹಿಟ್ಲರನ ಜರ್ಮನಿ ಲಂಡನ್ನಿನ ಮೇಲೆ ಎಸೆದ ವಿ-2 ರಾಕೆಟ್ಟಿಗೂ ದಾರಿ ಹಿಡಿಸಿದ್ದು ಇದೇ ಬುಗುರಿ. ಆ ರಾಕೆಟ್ಟು ಬಡಿದು ಸತ್ತವರಿಗಿಂತ ಅದನ್ನು ಮಾಡುವುದಕ್ಕೆ ದುಡಿದು ಸತ್ತ ಸೆರೆಯಾಳುಗಳೇ ಹೆಚ್ಚು. ಯಂತ್ರ ಯಾರ ಕೈಯಲ್ಲಿದೆ, ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ಕೇಳುವುದು ದೇಶದ್ರೋಹವಲ್ಲ. ಅದು ಪ್ರಜೆಯ ಕರ್ತವ್ಯ.

ಚಳ್ಳಕೆರೆಯ ಮಾತು ನಮಗೇಕೆ ಎಂದು ವಾಚಕರು ಕೇಳಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯೂ ಮಳೆ ನಂಬಿದ ಸೀಮೆ. ಮಳೆ ಕೈಕೊಟ್ಟ ವರ್ಷ ಬಡವರು ಗುಳೆ ಹೋಗುತ್ತಾರೆ. ಕುರಿಗಾರರು ಮಂದೆಯನ್ನು ಹೊಡೆದುಕೊಂಡು ನೀರಾವರಿ ಸೀಮೆಗೆ ನಡೆಯುತ್ತಾರೆ. ಎಲ್ಲಿ ನೀರು, ಎಲ್ಲಿ ಹುಲ್ಲು, ಯಾರ ಹೊಲದಲ್ಲಿ ಮಂದೆ ತರುಬಬಹುದು ಎಂಬ ಅವರ ಲೆಕ್ಕ ಯಾವ ನಕ್ಷೆಯಲ್ಲಿಯೂ ಇಲ್ಲ. ನಕ್ಷೆಯಲ್ಲಿ ಇಲ್ಲದ್ದನ್ನು ಅಧಿಕಾರಿಗಳು ‘ಖಾಲಿ ಜಾಗ’ವೆಂದು ಬರೆಯುತ್ತಾರೆ. ಇಂದು ಅಲ್ಲಿ ನಡೆದದ್ದು ನಾಳೆ ಇಲ್ಲಿ ನಡೆಯದೆಂದು ಯಾರು ಹೇಳಬಲ್ಲರು?

ನಮ್ಮ ಬೇಡಿಕೆ ದೊಡ್ಡದಲ್ಲ. ಗೋಮಾಳವನ್ನಾಗಲಿ ಕಾವಲನ್ನಾಗಲಿ ಯಾವ ಘನಕಾರ್ಯಕ್ಕೆ ಕೊಡುವುದಿದ್ದರೂ ಮೊದಲು ಗ್ರಾಮಸಭೆ ಕರೆಯಿರಿ. ಕುರಿಗಾರರು ಊರಿಗೆ ಮರಳಿದ ತಿಂಗಳಲ್ಲಿ ಕರೆಯಿರಿ. ಕೊಟ್ಟ ನೆಲದಲ್ಲಿ ಕೆಲಸಕ್ಕೆ ಬಳಸದೆ ಬಿಟ್ಟ ಭಾಗವನ್ನು ಮೇವಿಗೆ ತೆರೆಯಿರಿ. ಈ ಐದು ತಾಲ್ಲೂಕುಗಳ ಮಕ್ಕಳಿಗೆ ಇಂಥ ಉಪಕರಣಗಳನ್ನು ಮಾಡುವ, ರಿಪೇರಿ ಮಾಡುವ ವಿದ್ಯೆಯನ್ನು ಐ.ಟಿ.ಐ.ಗಳಲ್ಲಿ ಕಲಿಸಿರಿ.

ಹೊರಗಿನ ಸಾಕ್ಷಿಯನ್ನು ಕೇಳದೆ ತನ್ನ ಲೆಕ್ಕವನ್ನೇ ನಂಬಿದ ಯಂತ್ರ ನಿಮಿಷಗಳಲ್ಲಿ ದಾರಿ ತಪ್ಪುತ್ತದೆ. ಸರಕಾರಕ್ಕೆ ಹೊರಗಿನ ಸಾಕ್ಷಿ ಎಂದರೆ ಜನ. ಅವರನ್ನು ಕೇಳಿರಿ ಎಂದಷ್ಟೇ ನಾವು ಹೇಳುತ್ತಿದ್ದೇವೆ.