ನಮ್ಮ ಪಡಸಾಲೆ: ಗೇರ್ ಬಾಕ್ಸಿನ ಹುಟ್ಟೂರು



ಗಂಗಾಪುರವೆಂದೊಡನೆ ನಮ್ಮವರಲ್ಲಿ ಬಹಳ ಮಂದಿಗೆ ಕಲಬುರಗಿ ಕಡೆಯ ಗಾಣಗಾಪುರ, ದತ್ತಾತ್ರೇಯನ ಕ್ಷೇತ್ರ, ನೆನಪಾಗುವುದು ಸಹಜ. ಈ ಸಲ ನಮಗೆ ಕಾಗದ ಬಂದಿರುವುದು ಅಲ್ಲಿಂದಲ್ಲ. 2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಗಂಗಾಪುರದಿಂದ. 1985ರಲ್ಲಿ ಬಜಾಜ್ ಕಂಪನಿಯವರು ಕಾರ್ಖಾನೆ ತೆರೆದ ವಾಳೂಜ್ ಇರುವುದು ಇದೇ ತಾಲ್ಲೂಕಿನಲ್ಲಿ. ಮೋಟಾರ್ ಸೈಕಲ್ಲುಗಳನ್ನು ತಯಾರಿಸಿಯೇ ಅನ್ನ ಕಾಣುವ ಆ ಸೀಮೆಯಲ್ಲಿ ನಮ್ಮ ಮೈಸೂರಿನ ಹಳೆಯ ಗಾಡಿಯೊಂದು ಒಂದು ಮನೆಯವರ ನಿದ್ದೆ ಕೆಡಿಸಿದೆ.

ಕಾಗದದ ಸಾರಾಂಶ ಇಷ್ಟು. ಬರೆದವರ ತೀರ್ಥರೂಪರು 1965ರ ಸುಮಾರಿಗೆ ಮೈಸೂರಿನಲ್ಲಿ ಜಾವಾ ಗಾಡಿ ಕೊಂಡರು. ಕೆಲಸದ ನಿಮಿತ್ತ ಮಹಾರಾಷ್ಟ್ರಕ್ಕೆ ಬಂದಾಗ ಅದನ್ನೂ ತಂದರು. ಈಗ ಅವರಿಲ್ಲ. ಗಾಡಿಯನ್ನು ಮಾರಿ ಹಣವನ್ನು ಹಂಚಿಕೊಳ್ಳೋಣವೆಂದು ಅಣ್ಣ, ಮನೆಯಲ್ಲೇ ಇರಲಿ ಎಂದು ತಮ್ಮ. ಕೊಳ್ಳಲು ಬಂದವನು “ಗೇರ್ ಬಾಕ್ಸು ಈ ಗಾಡಿಯದಲ್ಲ, ಯಾವುದೋ ಗುಜರಿಯದು” ಎಂದು ಅರ್ಧ ಬೆಲೆಗೆ ಕೇಳಿದ. ಗ್ಯಾರೇಜಿನವನೊಬ್ಬ “ನಂಬರು ಉಜ್ಜಿ, ಆರ್.ಸಿ. ಪುಸ್ತಕದಲ್ಲಿ ಇದ್ದಂತೆಯೇ ಹೊಡೆದುಕೊಡುತ್ತೇನೆ, ಪೂರ್ತಿ ಬೆಲೆ ಬರುತ್ತದೆ” ಎಂದ. “ಏನು ಮಾಡಲಿ?” ಎಂದು ತಮ್ಮನವರ ಪ್ರಶ್ನೆ.

ಎರಡನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇವೆ: ಹೊಡೆಸಬೇಡಿ. ಕಾರಣವನ್ನು ಮುಂದೆ ನೋಡೋಣ. ಕೊಳ್ಳುವವನ ಮಾತು ನಿಜವೇ ಎಂಬುದನ್ನು ಮಾತ್ರ ಪರೀಕ್ಷಿಸಿಯೇ ತಿಳಿಯಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿಲ್ಲವೆ?

ಜಾವಾದ ಪೂರ್ವೋತ್ತರ ಸ್ವಲ್ಪ ತಿಳಿದಿರಬೇಕು. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬವರು ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಆಯಿತು. ನಮ್ಮಲ್ಲಿ ಇರಾನಿ ಮನೆತನದವರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದಿಂದ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು; 1961ರಿಂದ ಗಾಡಿಗಳು ಹೊರಬಂದವು. ಆರಂಭದಲ್ಲಿ ಭಾಗಗಳು ಚೆಕೊಸ್ಲೊವಾಕಿಯಾದಿಂದ ಬರುತ್ತಿದ್ದು, ಕ್ರಮೇಣ ಇಲ್ಲಿಯೇ ತಯಾರಾಗತೊಡಗಿದವು. ಮೈಸೂರು ರಾಜ್ಯವು ಕರ್ನಾಟಕವಾದ 1973ರಲ್ಲೇ ಜಾವಾ ಕೂಡ ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಮತ್ತೆ ಬಂದ ಜಾವಾ ಮಧ್ಯಪ್ರದೇಶದ ಪೀಥಂಪುರದಲ್ಲಿ ಹುಟ್ಟಿದ್ದು. ಹೆಸರು ಒಂದೇ ಆದರೂ ವಂಶ ಬೇರೆ.

ಈ ಹಳೆಯ ಜಾವಾದ ಗೇರ್ ಬಾಕ್ಸಿನ ಸೊಗಸನ್ನು ಓಡಿಸಿದವರೇ ಬಲ್ಲರು. ನಾಲ್ಕು ಗೇರು. ಎಡಗಾಲಿನ ಬಳಿ ಇರುವ ಒಂದೇ ಹಿಡಿಯಲ್ಲಿ ಎರಡು ಕೆಲಸ: ಹಾಗೆಯೇ ತುಳಿದರೆ ಗೇರು ಬದಲಾಗುತ್ತದೆ, ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಹೊಡೆಯುವ ಹಿಡಿಯಾಗುತ್ತದೆ. ಗೇರು ತುಳಿದಾಗ ಕ್ಲಚ್ಚು ತಾನಾಗಿಯೇ ಬಿಡುತ್ತದೆ. ನಮ್ಮ ಪ್ರಶ್ನೆಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. ಇದರ ಗೇರ್ ಬಾಕ್ಸು ಪ್ರತ್ಯೇಕವಾದ ಪೆಟ್ಟಿಗೆಯಲ್ಲ. ಎಂಜಿನ್ನು, ಗೇರು ಎರಡೂ ಒಂದೇ ಎರಕದ ಕೇಸಿನೊಳಗೆ ಒಟ್ಟು ಕುಟುಂಬದವರಂತೆ ಇರುತ್ತವೆ. ಎಂಜಿನ್ ನಂಬರನ್ನು ಒತ್ತಿರುವುದೂ ಆ ಕೇಸಿನ ಮೇಲೆಯೇ. ಚೈನು ಕಡಿದು ಕೇಸು ಸೀಳಿತೆಂದು ಬೇರೆ ಕೇಸು ಹಾಕಿಸಿದರೆ ನಂಬರೂ ಹೋಯಿತು. ಒಳಗಿನ ಹಲ್ಲುಚಕ್ರಗಳು ಸವೆದು ಎಷ್ಟು ಸಲ ಬದಲಾದರೂ ಕೇಸು ಉಳಿದರೆ ಗುರುತು ಉಳಿಯಿತು.

ಇಂಥ ಗುರುತು ಹಿಡಿಯುವುದನ್ನು ಅಮೆರಿಕದವರು ಒಂದು ಶಾಸ್ತ್ರವನ್ನೇ ಮಾಡಿಕೊಂಡಿದ್ದಾರೆ. ಅಲ್ಲಿರುವ ನಮ್ಮ ಓದುಗರು 1960ರ ದಶಕದ ‘ಮಸಲ್ ಕಾರು’ಗಳನ್ನು, ನಮ್ಮ ಮಾತಿನಲ್ಲಿ ಜಟ್ಟಿ ಕಾರುಗಳನ್ನು, ನೋಡಿರಬಹುದು. ಜನರಲ್ ಮೋಟಾರ್ಸ್ ಕಂಪನಿಯ ಅಂಥ ಕಾರುಗಳಿಗೆ ಇಂಡಿಯಾನಾ ರಾಜ್ಯದ ಮನ್ಸಿ ಊರಿನಲ್ಲಿ 1963ರಿಂದ 1974ರವರೆಗೆ ನಾಲ್ಕು ಗೇರಿನ ಪೆಟ್ಟಿಗೆಗಳು ತಯಾರಾದವು. ಅವುಗಳ ಮೇಲೆ ಮೂರು ಬಗೆಯ ಗುರುತು. ಎರಕದ ಜತೆಗೇ ಉಬ್ಬಿ ಬಂದ ಅಂಕಿ ಯಾವ ಅಚ್ಚಿನದೆಂದು ಹೇಳುತ್ತದೆ. 3925660 ಎಂದಿದ್ದರೆ 1968ರಿಂದ 1970ರವರೆಗಿನ ಕಾಲದ್ದು. ಎರಡನೆಯದು ಜೋಡಿಸಿದ ದಿನ: ‘ಪಿ9ಇ15ಬಿ’ ಎಂದಿದ್ದರೆ ಮನ್ಸಿಯಲ್ಲಿ 1969ರ ಮೇ 15ರಂದು ಜೋಡಿಸಿದ ‘ಎಂ21’ ಜಾತಿಯ ಪೆಟ್ಟಿಗೆ. ಮೂರನೆಯದು, ಅದನ್ನು ಕೂರಿಸಿದ ಕಾರಿನ ನಂಬರಿನ ಕೊನೆಯ ಭಾಗ. ಊರು, ದಿನ, ಮನೆ—ಮೂರೂ ಹೊಂದಬೇಕು. ಕಾರು ಮಾರ್ಚಿಯಲ್ಲಿ ಹೊರಬಂದು ಪೆಟ್ಟಿಗೆ ಮೇ ತಿಂಗಳಲ್ಲಿ ಹುಟ್ಟಿದ್ದರೆ ಅದು ಆ ಮನೆಯದಲ್ಲವೆಂದು ಮಕ್ಕಳೂ ಹೇಳಿಯಾರು. ಒಳಹೋಗುವ ದಂಡದ ಮೇಲಿನ ಗೀರುಗಳನ್ನು ಎಣಿಸಿ ಜಾತಿ ಹೇಳುವವರೂ ಇದ್ದಾರೆ. ಆದರೆ ದಂಡ ಬದಲಾಯಿಸಬಹುದಾದ ಭಾಗ, ಅದರ ಸಾಕ್ಷ್ಯ ದುರ್ಬಲ.

ಅವರಿಂದ ಕಲಿಯತಕ್ಕ ಪಾಠವೆಂದರೆ ಸಾಕ್ಷಿಗಳ ತಾರತಮ್ಯ. ಎರಕದಲ್ಲೇ ಬಂದದ್ದು ಎಲ್ಲಕ್ಕಿಂತ ಗಟ್ಟಿ. ಒತ್ತಿದ ಅಂಕಿ ಅದರ ನಂತರ. ತಿರುಪು ಬಿಚ್ಚಿ ಬದಲಾಯಿಸಬಹುದಾದದ್ದು ಕೊನೆಗೆ. ಜಾವಾ, ಯೆಜ್ಡಿ ಎಂದು ಪಕ್ಕದ ಮುಚ್ಚಳದ ಮೇಲಿರುವ ಹೆಸರು ಈ ಕೊನೆಯ ಜಾತಿಯದು; ಹತ್ತು ನಿಮಿಷದಲ್ಲಿ ಬದಲಾಗುತ್ತದೆ. ಚೆಕ್ ದೇಶದ ಭಾಗವೊಂದು ಕಂಡಿತೆಂದು ಗಾಬರಿಯಾಗಬೇಕಾಗಿಲ್ಲ. ಮೊದಲ ವರ್ಷಗಳ ಗಾಡಿಯಲ್ಲಿ ಅದು ಹುಟ್ಟಿನಿಂದಲೇ ಇದ್ದೀತು.

ಆದ್ದರಿಂದ ಸೋದರರು ಹೀಗೆ ಮಾಡಲಿ. ಸೀಮೆಎಣ್ಣೆಯೋ ಡೀಸೆಲ್ಲೋ ಹಚ್ಚಿ, ಮೆದು ಬ್ರಷ್ಷಿನಿಂದ ಕೇಸಿನ ಜಿಡ್ಡು ತೆಗೆಯಿರಿ. ಉಪ್ಪುಕಾಗದ, ತಂತಿಯ ಬ್ರಷ್ಷು ಬೇಡ. ಅಂಕಿಗಳ ಮೇಲೆ ಸೀಮೆಸುಣ್ಣ ತೇಯ್ದು, ಹಗಲು ಬೆಳಕಿನಲ್ಲಿ ಓರೆಯಿಂದ ನೋಡಿರಿ. ಅಂಕಿಗಳ ಆಳವೂ ಅಳತೆಯೂ ಸಮವಾಗಿವೆಯೇ? ಸುತ್ತಲಿನ ಲೋಹ ಒರಟಾಗಿದೆಯೇ, ಉಜ್ಜಿ ನುಣುಪಾಗಿದೆಯೇ? ಎಂಜಿನ್ ನಂಬರು, ಫ್ರೇಮಿನ ನಂಬರು, ಆರ್.ಸಿ. ಪುಸ್ತಕದ ನಂಬರು—ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಹೋಲಿಸಿರಿ. ತಂದೆಯವರ ಟ್ರಂಕಿನಲ್ಲಿ ಹಳೆಯ ರಸೀದಿ, ವಿಮೆಯ ಕಾಗದ ಇದ್ದರೆ ಗುಜರಿಗೆ ಹಾಕಬೇಡಿ. ಊರು ಬದಲಾದಾಗ ನಂಬರ್ ಪ್ಲೇಟು ಬದಲಾಗಿರಬಹುದು. ಫ್ರೇಮು, ಎಂಜಿನ್ನುಗಳ ನಂಬರು ಹುಟ್ಟಿನದು, ಅದು ವಲಸೆಯಿಂದ ಬದಲಾಗದು.

ಇನ್ನು ಕಾನೂನು. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಚಾಸಿ, ಎಂಜಿನ್ನುಗಳನ್ನು ಮಾರ್ಪಡಿಸದೆ ಮೂಲ ರೂಪದಲ್ಲಿ ಉಳಿಸಿಕೊಂಡಿರಬೇಕೆಂಬುದು ಷರತ್ತು. 1965ರ ಜಾವಾ ವಯಸ್ಸಿನಿಂದ ಅರ್ಹವೇ. ಕೇಸು ಬದಲಾಗಿದ್ದರೆ ಆರ್.ಟಿ.ಓ. ಕಚೇರಿಗೆ ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟು, ಪುಸ್ತಕದಲ್ಲಿ ದಾಖಲು ಮಾಡಿಸಲು ಕೇಳುವುದೇ ದಾರಿ. ನಂಬರು ಉಜ್ಜಿ ಹೊಡೆಸಿದರೆ ಅದು ಖೋಟಾ ಕೆಲಸವಾಗುತ್ತದೆ. ಪ್ರಾಮಾಣಿಕವಾದ ಗಾಡಿಯೂ ಕಳ್ಳಮಾಲಿನಂತೆ ಕಾಣುತ್ತದೆ. ಮಾರಿದವರಿಗೂ ಕೊಂಡವರಿಗೂ ನೆಮ್ಮದಿ ಇರದು.

ಮೂರು ನಂಬರೂ ಹೊಂದಿದವೆನ್ನೋಣ. ಕೊಳ್ಳುವವನ ಬಾಯಿ ತಾನೇ ಮುಚ್ಚುತ್ತದೆ, ಅಣ್ಣನವರಿಗೆ ನ್ಯಾಯವಾದ ಬೆಲೆಯಾದರೂ ತಿಳಿಯುತ್ತದೆ. ಹೊಂದದಿದ್ದರೆ ಬೆಲೆ ಇಳಿದೀತು. ಆಗಲೂ ನಾಚಿಕೆ ಪಡುವಂಥದ್ದೇನೂ ಇಲ್ಲ. ಸೀಳಿದ ಕೇಸನ್ನು ಬದಲಾಯಿಸಿ, ಸಂಸಾರವನ್ನು ಹಿಂದೆ ಕೂರಿಸಿಕೊಂಡು ತಂದೆಯವರು ಓಡಿಸಿದ್ದಾರೆಂದರೆ, ಆ ಬೇರೆ ಕೇಸೂ ಆ ಮನೆಯ ಅನ್ನ ಉಂಡದ್ದೇ ಸರಿ. ಮಾರುವುದೋ ಉಳಿಸುವುದೋ ಅಣ್ಣ ತಮ್ಮಂದಿರು ಕುಳಿತು ತೀರ್ಮಾನಿಸತಕ್ಕದ್ದು. ನಮ್ಮ ಸಲಹೆ ಇಷ್ಟೇ: ನಂಬರು ನೋಡಿದ ಮೇಲೆ ತೀರ್ಮಾನಿಸಿ, ಕೊಳ್ಳುವವನ ಮಾತು ಕೇಳಿ ಅಲ್ಲ.