ಚೆಲ್ಲಿದ್ದು ಹುಡುಗ, ತೆರಬೇಕಾದವನು ಮಾಲೀಕ!

ಸಪ್ಲೈಯರ್ ಹುಡುಗನ ಕೈತಪ್ಪಿ ಬಿಸಿ ಸಾಂಬಾರು ನಿಮ್ಮ ಮೈಮೇಲೆ ಚೆಲ್ಲಿತು. ಮಾಲೀಕ ಏನು ಮಾಡುತ್ತಾನೆ? ಎಲ್ಲರೆದುರು ಹುಡುಗನಿಗೆ ಬೈಯುತ್ತಾನೆ, ನಿಮಗೊಂದು ಕಾಗದದ ಚೂರು ಕೊಡುತ್ತಾನೆ. ಮುಗಿಯಿತು!

ಗೆಳೆಯರೇ, ಈ ನಾಟಕಕ್ಕೆ ಮರುಳಾಗಬೇಡಿ. ಕೆಲಸದ ವೇಳೆ ನೌಕರನ ಅಜಾಗರೂಕತೆಯಿಂದಾದ ನಷ್ಟಕ್ಕೆ ಮಾಲೀಕನೇ ಹೊಣೆ, ಇದು ಕಾನೂನಿನ ಮಾತು. ಸುಟ್ಟ ಜಾಗಕ್ಕೆ ಮೊದಲು 20 ನಿಮಿಷ ತಣ್ಣೀರು ಬಿಡಿ. ಆಮೇಲೆ ಔಷಧಿ, ಬಟ್ಟೆಯ ಖರ್ಚು ಕೇಳಿ. ತಿಂದದ್ದಕ್ಕೆ ದುಡ್ಡು ಕೊಡಿ, ಪುಕ್ಕಟೆ ಊಟ ನಮಗೆ ಬೇಡ. ಆದರೆ ಪರಿಹಾರ ಗಲ್ಲಾದಿಂದ ಬರಲಿ, ಬೆಳಗಿನಿಂದ ನಿಂತೇ ದುಡಿದ ಹುಡುಗನ ಸಂಬಳದಿಂದಲ್ಲ ಎಂದು ಅಲ್ಲೇ ಗಟ್ಟಿಯಾಗಿ ಹೇಳಿ.

ಒಪ್ಪಲಿಲ್ಲವೇ? ಬಿಲ್ ಜೋಪಾನವಾಗಿಟ್ಟು 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಬಿಲ್ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಮಸಾಲೆದೋಸೆ ಇನ್ನೂ ಅಷ್ಟು ತುಟ್ಟಿಯಾಗಿಲ್ಲ!