ಗೋಪ್ಯ ನಗರಿಯ ಕಥೆ: ಅಂತರಿಕ್ಷ ಧಾರಾವಾಹಿಯಿಂದ ನಿರೀಕ್ಷಿಸಬೇಕಾದದ್ದೇನು?

ಕಿರುತೆರೆಯಲ್ಲಿ ಬಾಹ್ಯಾಕಾಶವೆಂದರೆ ಲೇಸರ್ ಕೋವಿಗಳು, ವಿಚಿತ್ರ ರೂಪದ ಅನ್ಯಗ್ರಹ ಜೀವಿಗಳು, ಕ್ಷಣಾರ್ಧದಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಯುವ ನೌಕೆಗಳು ಎಂಬ ಕಲ್ಪನೆ ಬಹುಕಾಲ ಉಳಿದಿತ್ತು. ಕಳೆದ ಎರಡೂವರೆ ದಶಕಗಳಲ್ಲಿ ಈ ಚಿತ್ರ ಬದಲಾಗಿದೆ. ನಿಜವಾದ ರಾಕೆಟ್, ನಿಜವಾದ ಇಂಧನ, ನಿಜವಾದ ಭಯವುಳ್ಳ ಕಥೆಗಳಿಗಾಗಿ ಕಾಯುವ ಪ್ರೇಕ್ಷಕ ವರ್ಗವೊಂದು ಜಗತ್ತಿನಾದ್ಯಂತ ರೂಪುಗೊಂಡಿದೆ. 2024ರ ಏಪ್ರಿಲ್‌ನಲ್ಲಿ ಆಪಲ್ ಸಂಸ್ಥೆಯ ಟಿವಿ ಸೇವೆಯು 'ಸ್ಟಾರ್ ಸಿಟಿ' ಎಂಬ ಸರಣಿಯನ್ನು ಘೋಷಿಸಿದಾಗ ಈ ವರ್ಗದಲ್ಲಿ ಕಂಡ ಉತ್ಸಾಹ ಅದಕ್ಕೆ ಸಾಕ್ಷಿ.

ಇದು 'ಫಾರ್ ಆಲ್ ಮ್ಯಾನ್‌ಕೈಂಡ್' ಎಂಬ ಸರಣಿಯ ಕವಲು. 2019ರ ನವೆಂಬರ್‌ನಲ್ಲಿ ಆರಂಭವಾದ ಮೂಲ ಸರಣಿಯ ಕರ್ತೃಗಳು ರೊನಾಲ್ಡ್ ಮೂರ್, ಮ್ಯಾಟ್ ವೊಲ್ಪರ್ಟ್ ಮತ್ತು ಬೆನ್ ನೆಡಿವಿ. 1969ರಲ್ಲಿ ಚಂದ್ರನ ಮೇಲೆ ಮೊದಲು ಕಾಲಿಟ್ಟವನು ಅಮೆರಿಕದವನಲ್ಲ, ಸೋವಿಯತ್ ಒಕ್ಕೂಟದ ಅಲೆಕ್ಸಿ ಲಿಯೊನೊವ್ ಎಂಬ ಕಲ್ಪನೆಯಿಂದ ಆ ಕಥೆ ಹೊರಡುತ್ತದೆ. ಸೋತ ಅಮೆರಿಕ ಪೈಪೋಟಿಯನ್ನು ಕೈಬಿಡುವುದಿಲ್ಲ; ಚಂದ್ರನ ಮೇಲೆ ನೆಲೆ, ಬಳಿಕ ಮಂಗಳ, ಹೀಗೆ ಓಟ ಮುಂದುವರಿಯುತ್ತದೆ. ಅಮೆರಿಕದ ಕಣ್ಣಿನಿಂದ ಕಂಡ ಈ ಕಥೆಯನ್ನು ರಷ್ಯನ್ನರ ಕಡೆಯಿಂದ ಹೇಳುವುದೇ ಕವಲು ಸರಣಿಯ ಉದ್ದೇಶ. ಗಗನಯಾತ್ರಿಗಳು, ಎಂಜಿನಿಯರುಗಳು, ಅವರ ನಡುವೆಯೇ ಬೇರೂರಿದ ಗುಪ್ತಚರರು ಅದರ ಪಾತ್ರಧಾರಿಗಳು.

ಮನರಂಜನೆಯ ಸುದ್ದಿಗೆ ಇಷ್ಟು ಮಹತ್ವವೇಕೆ ಎಂದು ಕೇಳಬಹುದು. ಅಂತರಿಕ್ಷ ಯೋಜನೆಗಳು ನಡೆಯುವುದು ಜನರ ತೆರಿಗೆ ಹಣದಲ್ಲಿ. ಜನರು ಅವುಗಳನ್ನು ಅರಿಯುವುದು ಮಾತ್ರ ಉಡಾವಣೆಯ ದಿನದ ಹತ್ತು ನಿಮಿಷಗಳಲ್ಲಿ. ಉಳಿದ ಹತ್ತು ವರ್ಷಗಳ ಕಥೆಯನ್ನು ಸಾಮಾನ್ಯನಿಗೆ ತಲುಪಿಸುವ ಶಕ್ತಿ ಒಳ್ಳೆಯ ನಾಟಕಕ್ಕಿದೆ. ಆದ್ದರಿಂದ ಆ ನಾಟಕ ಎಷ್ಟು ಸತ್ಯವಾಗಿರಬೇಕು ಎಂಬುದು ಗಂಭೀರ ಪ್ರಶ್ನೆಯೇ.

ನೈಜತೆ ಎಂದರೇನು?

ನಿರ್ವಾತದಲ್ಲಿ ಸ್ಫೋಟದ ಸದ್ದು ಕೇಳಬಾರದು, ಪಾತ್ರಗಳು ತೇಲಬೇಕು, ನೌಕೆಯ ಗುಂಡಿಗಳು ಸರಿಯಾದ ಜಾಗದಲ್ಲಿರಬೇಕು ಎಂಬುದು ನೈಜತೆಯ ಮೊದಲ ಮೆಟ್ಟಿಲು. ಇದನ್ನು ಸಾಧಿಸುವುದು ಈಗ ಅಷ್ಟೇನೂ ಕಷ್ಟವಲ್ಲ. ನಾಸಾದ ಮಾಜಿ ಗಗನಯಾತ್ರಿ ಗ್ಯಾರೆಟ್ ರೈಸ್‌ಮನ್ ಅವರನ್ನೇ 'ಫಾರ್ ಆಲ್ ಮ್ಯಾನ್‌ಕೈಂಡ್' ತಾಂತ್ರಿಕ ಸಲಹೆಗಾರರನ್ನಾಗಿ ಪಡೆದಿತ್ತು.

ಆದರೆ ಇಷ್ಟರಿಂದಲೇ ಸರಣಿ ಗೆಲ್ಲುವುದಿಲ್ಲ. 2009ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಬಂದ 'ಡಿಫೈಯಿಂಗ್ ಗ್ರಾವಿಟಿ' ಸೌರವ್ಯೂಹದ ಆರು ವರ್ಷಗಳ ಪಯಣವನ್ನು ಚಿತ್ರಿಸಲು ಹೊರಟಿತ್ತು. ಗಗನಯಾತ್ರಿಗಳ ಪ್ರಣಯ, ವಿರಸಗಳೇ ಮುಂದಾಗಿ 13 ಕಂತುಗಳಲ್ಲಿ ಅದು ಮುಗಿದುಹೋಯಿತು. 2018ರ 'ದಿ ಫಸ್ಟ್' ಮಂಗಳಯಾನದ ಕಥೆಯೆಂದು ಹೆಸರಾದರೂ ಬಹುಪಾಲು ಭೂಮಿಯ ಮೇಲೆಯೇ ಉಳಿಯಿತು. ಒಂದೇ ಋತುವಿಗೆ ನಿಂತಿತು. ಇದಕ್ಕೆ ಪ್ರತಿಯಾಗಿ, ಎಚ್‌ಬಿಒ 1998ರಲ್ಲಿ ಪ್ರಸಾರ ಮಾಡಿದ 12 ಕಂತುಗಳ 'ಫ್ರಮ್ ದಿ ಅರ್ಥ್ ಟು ದಿ ಮೂನ್' ಇಂದಿಗೂ ಮೆಚ್ಚುಗೆ ಪಡೆಯುತ್ತಿದೆ. ಚಂದ್ರನೌಕೆಯನ್ನು ವಿನ್ಯಾಸಗೊಳಿಸಿದ ಎಂಜಿನಿಯರುಗಳ ಲೆಕ್ಕಾಚಾರಕ್ಕೇ ಅದರಲ್ಲಿ ಒಂದು ಇಡೀ ಕಂತು ಮೀಸಲಾಗಿತ್ತು.

ಅಂದರೆ ನೈಜತೆಯ ಎರಡನೆಯ ಮೆಟ್ಟಿಲು ಸಂಸ್ಥೆಯ ಚಿತ್ರಣ. ಯಾರು ಸಹಿ ಹಾಕಿದರು, ಯಾರು ಎಚ್ಚರಿಸಿದರು, ಯಾರು ಮೌನವಾಗಿದ್ದರು ಎಂಬ ವಿವರ. ಮೂರನೆಯದು ಮತ್ತು ಕಠಿಣವಾದದ್ದು ವೈಫಲ್ಯದ ಚಿತ್ರಣ. ಸೋವಿಯತ್ ಕಥೆ ಪರೀಕ್ಷೆಗೆ ಒಡ್ಡುವುದು ಈ ಎರಡನ್ನೇ.

ಮರೆಮಾಚಿದ ಇತಿಹಾಸ

ಮಾಸ್ಕೋದ ಈಶಾನ್ಯಕ್ಕಿರುವ ಸ್ಟಾರ್ ಸಿಟಿ, ರಷ್ಯನ್ ಭಾಷೆಯಲ್ಲಿ 'ಜ್ವ್ಯೋಜ್ದ್ನಿ ಗರದೋಕ್', 1960ರ ದಶಕದಲ್ಲಿ ಬೆಳೆದ ಊರು. ಗಗನಯಾತ್ರಿಗಳ ತರಬೇತಿ ಕೇಂದ್ರವೂ ಅವರ ಮನೆಗಳೂ ಅಲ್ಲಿದ್ದವು, ಹೊರಗಿನವರಿಗೆ ಪ್ರವೇಶವಿರಲಿಲ್ಲ. ಸ್ಪುಟ್ನಿಕ್ ಹಾರಿಸಿ, ಯೂರಿ ಗಗಾರಿನ್‌ರನ್ನು 1961ರ ಏಪ್ರಿಲ್ 12ರಂದು ಅಂತರಿಕ್ಷಕ್ಕೆ ಕಳುಹಿಸಿದ ಸೆರ್ಗೆಯ್ ಕೊರೊಲೆವ್ ಅವರ ಹೆಸರು ಕೂಡ ಗುಟ್ಟಾಗಿತ್ತು. ಪತ್ರಿಕೆಗಳಲ್ಲಿ ಅವರು ಬರಿಯ 'ಮುಖ್ಯ ವಿನ್ಯಾಸಕ'. 1938ರಲ್ಲಿ ಬಂಧನಕ್ಕೊಳಗಾಗಿ ಕೊಲಿಮಾದ ಶ್ರಮಶಿಬಿರ ಕಂಡಿದ್ದ ಈ ಮನುಷ್ಯನ ಹೆಸರು ದೇಶಕ್ಕೆ ತಿಳಿದದ್ದು 1966ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಅವರು ತೀರಿಕೊಂಡ ಮೇಲೆ. ಆ ಶಸ್ತ್ರಚಿಕಿತ್ಸೆಯಲ್ಲಿ ಕೊರೊಲೆವ್ ಬದುಕುಳಿದಿದ್ದರೆ ಎಂಬುದೇ 'ಫಾರ್ ಆಲ್ ಮ್ಯಾನ್‌ಕೈಂಡ್'ನ ಪರ್ಯಾಯ ಇತಿಹಾಸದ ಬೀಜವೆಂದು ಮೂರ್ ಹೇಳಿದ್ದುಂಟು.

ಗೋಪ್ಯತೆಯ ಬೆಲೆ ಹೆಸರುಗಳಿಗಷ್ಟೇ ಸೀಮಿತವಾಗಿರಲಿಲ್ಲ. ಗಗಾರಿನ್ ಹಾರುವುದಕ್ಕೆ ಮೂರು ವಾರ ಮೊದಲು, 1961ರ ಮಾರ್ಚ್ 23ರಂದು, ವ್ಯಾಲೆಂಟಿನ್ ಬೊಂಡರೆಂಕೊ ಎಂಬ ತರುಣ ಅಭ್ಯರ್ಥಿ ಆಮ್ಲಜನಕ ತುಂಬಿದ ಪರೀಕ್ಷಾ ಕೋಣೆಯಲ್ಲಿ ಬೆಂಕಿಗೆ ಆಹುತಿಯಾದರು. ಈ ಸಾವನ್ನು ಸೋವಿಯತ್ ಸರ್ಕಾರ ಒಪ್ಪಿಕೊಂಡದ್ದು 1986ರಲ್ಲಿ. ಈ ನಡುವೆ 1967ರ ಜನವರಿ 27ರಂದು ಅಮೆರಿಕದ ಅಪೊಲೊ-1 ನೌಕೆಯೊಳಗೆ ಶುದ್ಧ ಆಮ್ಲಜನಕದ ವಾತಾವರಣದಲ್ಲಿ ಹೊತ್ತಿದ ಬೆಂಕಿ ಮೂವರನ್ನು ಬಲಿ ತೆಗೆದುಕೊಂಡಿತ್ತು. ಮೊದಲ ಸಾವು ಬಯಲಾಗಿದ್ದರೆ ಎರಡನೆಯ ದುರಂತ ತಪ್ಪುತ್ತಿತ್ತೆಂದು ಖಚಿತವಾಗಿ ಹೇಳಲಾಗದು. ಆದರೆ ಆ ಪ್ರಶ್ನೆ ಹುಟ್ಟುವುದೇ ಗೋಪ್ಯತೆಯ ಮೇಲಿನ ದೊಡ್ಡ ಆರೋಪ.

ಆನಂತರದ ನಡೆಯನ್ನು ಹೋಲಿಸಿ ನೋಡಿ. ಅಪೊಲೊ-1ರ ತನಿಖಾ ವರದಿ ಪ್ರಕಟವಾಯಿತು, ಅಮೆರಿಕದ ಸಂಸತ್ತು ನಾಸಾವನ್ನು ಬಹಿರಂಗವಾಗಿ ಪ್ರಶ್ನಿಸಿತು, ನೌಕೆಯನ್ನು ಮರುವಿನ್ಯಾಸ ಮಾಡಲಾಯಿತು. 1968ರ ಡಿಸೆಂಬರ್‌ನಲ್ಲಿ ಅಪೊಲೊ-8 ಚಂದ್ರನನ್ನು ಸುತ್ತಿ ಬಂತು. ಅತ್ತ, ಮಾನವರಹಿತ ಪರೀಕ್ಷೆಗಳು ಸರಿಯಾಗಿ ನಡೆಯದಿದ್ದರೂ 1967ರ ಏಪ್ರಿಲ್‌ನಲ್ಲಿ ಸೊಯುಜ್-1ನ್ನು ಹಾರಿಸಲಾಯಿತು. ಮರಳುವಾಗ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ವ್ಲಾದಿಮಿರ್ ಕೊಮರೊವ್ ನೆಲಕ್ಕಪ್ಪಳಿಸಿ ಮಡಿದರು.

ಚಂದ್ರನಿಗಾಗಿಯೇ ಕಟ್ಟಿದ ಎನ್-1 ರಾಕೆಟ್ಟಿನ ಕಥೆ ಇನ್ನೂ ಮಾರ್ಮಿಕ. ಅದರ ಮೊದಲ ಹಂತದಲ್ಲಿ 30 ಎಂಜಿನ್‌ಗಳಿದ್ದವು. ಅಮೆರಿಕದ ಸ್ಯಾಟರ್ನ್-5ರಲ್ಲಿ ಇದ್ದದ್ದು ಐದೇ. ಇಂಧನದ ಆಯ್ಕೆಯ ಬಗ್ಗೆ ಎಂಜಿನ್ ತಜ್ಞ ವ್ಯಾಲೆಂಟಿನ್ ಗ್ಲುಷ್ಕೊ ಅವರಿಗೂ ಕೊರೊಲೆವ್‌ಗೂ ಹೊಂದಲಿಲ್ಲ; ವಿಮಾನ ಎಂಜಿನ್ ತಯಾರಕ ಕುಜ್ನೆತ್ಸೊವ್ ಅವರ ಮೊರೆಹೋಗಬೇಕಾಯಿತು. ಇಡೀ ಮೊದಲ ಹಂತವನ್ನು ನೆಲದ ಮೇಲೆ ಉರಿಸಿ ಪರೀಕ್ಷಿಸುವ ವ್ಯವಸ್ಥೆಯನ್ನೇ ಮಾಡಲಿಲ್ಲ. 1969ರಿಂದ 1972ರವರೆಗೆ ನಡೆದ ನಾಲ್ಕೂ ಉಡಾವಣೆಗಳು ವಿಫಲವಾದವು. ಎರಡನೆಯದು ಅಪೊಲೊ-11 ಚಂದ್ರನ ಮೇಲೆ ಇಳಿಯುವ 17 ದಿನ ಮೊದಲು ಉಡಾವಣಾ ವೇದಿಕೆಯನ್ನೇ ಧ್ವಂಸ ಮಾಡಿತು. ತಾವು ಚಂದ್ರನ ಓಟದಲ್ಲೇ ಇರಲಿಲ್ಲವೆಂಬ ಸೋವಿಯತ್ ಅಧಿಕೃತ ನಿಲುವು 1980ರ ದಶಕದ ಕೊನೆಯವರೆಗೂ ನಡೆದುಕೊಂಡು ಬಂತು.

ಕಲ್ಪನೆಯ ಅಪಾಯ

ಇಂತಹ ವಸ್ತುವನ್ನು ಕೈಗೆತ್ತಿಕೊಳ್ಳುವ ಪರ್ಯಾಯ ಇತಿಹಾಸದ ನಾಟಕಕ್ಕೆ ಒಂದು ಸೌಲಭ್ಯವೂ ಒಂದು ಅಪಾಯವೂ ಇದೆ. ಫಲಿತಾಂಶವನ್ನು ಬದಲಿಸುವ ಸ್ವಾತಂತ್ರ್ಯವಿರುವುದರಿಂದ ಪ್ರೇಕ್ಷಕನ ಕುತೂಹಲ ಉಳಿಯುತ್ತದೆ ಎಂಬುದು ಸೌಲಭ್ಯ. ಸೋವಿಯತ್ತರು ಗೆದ್ದರೆಂದು ಒಪ್ಪಿದ ಕೂಡಲೇ ಅವರು ಸೋತದ್ದೇಕೆ ಎಂಬ ನಿಜವಾದ ಪಾಠ ಮರೆಯಾಗಬಹುದು ಎಂಬುದು ಅಪಾಯ. ಇನ್ನೊಂದು ಕಡೆ, ಗೂಢಚಾರರು ಮತ್ತು ಭಯವೇ ಪ್ರಧಾನವಾದರೆ, ಕೊರತೆಗಳ ನಡುವೆಯೂ ಮೊದಲ ಉಪಗ್ರಹ, ಮೊದಲ ಮಾನವ, ಮೊದಲ ಮಹಿಳೆ, ಮೊದಲ ಅಂತರಿಕ್ಷ ನಡಿಗೆ ಇವೆಲ್ಲವನ್ನೂ ಸಾಧಿಸಿದ ಎಂಜಿನಿಯರುಗಳ ಪ್ರತಿಭೆ ಕಾಣದೆ ಹೋಗುತ್ತದೆ. ಪಾಶ್ಚಾತ್ಯ ಲೇಖಕರು ರಷ್ಯನ್ನರನ್ನು ಚಿತ್ರಿಸುವಾಗ ಈ ಎರಡನೆಯ ತಪ್ಪಿಗೆ ಬೀಳುವ ಸಂಭವ ಹೆಚ್ಚು.

ನಮ್ಮಲ್ಲಿಯೂ ಇದರ ಅನುಭವವಿದೆ. 2022ರಲ್ಲಿ ಬಂದ ಹಿಂದಿ ಸರಣಿ 'ರಾಕೆಟ್ ಬಾಯ್ಸ್' ಹೋಮಿ ಭಾಭಾ, ವಿಕ್ರಮ್ ಸಾರಾಭಾಯ್ ಅವರ ಬದುಕನ್ನು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿನಗಳನ್ನು ಮನೆಮನೆಗೆ ತಲುಪಿಸಿ ಮೆಚ್ಚುಗೆ ಗಳಿಸಿತು. ಆದರೆ ಪ್ರತಿಸ್ಪರ್ಧಿಯೊಬ್ಬ ಬೇಕೆಂದು ಸೃಷ್ಟಿಸಿದ ರಜಾ ಮೆಹ್ದಿ ಎಂಬ ಕಾಲ್ಪನಿಕ ವಿಜ್ಞಾನಿಯ ಪಾತ್ರ ಟೀಕೆಗೊಳಗಾಯಿತು. ಅದರಲ್ಲಿ ಮೇಘನಾದ ಸಹಾ ಅವರ ಛಾಯೆ ಕಂಡವರು, ನಿಜವಾದ ವೈಚಾರಿಕ ಭಿನ್ನಾಭಿಪ್ರಾಯ ವೈಯಕ್ತಿಕ ಅಸೂಯೆಯಾಗಿ ಕುಗ್ಗಿತೆಂದು ಆಕ್ಷೇಪಿಸಿದರು. ಖಳನಾಯಕನಿಲ್ಲದೆ ವಿಜ್ಞಾನದ ಕಥೆ ಹೇಳಲಾಗದು ಎಂಬ ಭ್ರಮೆ ಹಿಂದಿಗೂ ಇದೆ, ಇಂಗ್ಲಿಷಿಗೂ ಇದೆ.

ಬೆಂಗಳೂರಿಗೂ ಆ ನಗರಿಗೂ

ಸ್ಟಾರ್ ಸಿಟಿ ನಮಗೆ ದೂರದ ಊರೇನಲ್ಲ. ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ ತರಬೇತಿ ಪಡೆದದ್ದು ಅಲ್ಲಿಯೇ. 1984ರ ಏಪ್ರಿಲ್ 3ರಂದು ಶರ್ಮಾ ಸೊಯುಜ್ ಟಿ-11ರಲ್ಲಿ ಹಾರಿದರು. ಉಡುಪಿ ಜಿಲ್ಲೆಯ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಕಕ್ಷೆಗೇರಿಸಿದ್ದೂ ಸೋವಿಯತ್ ರಾಕೆಟ್. ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ವಾಯುಪಡೆ ಅಧಿಕಾರಿಗಳೂ 2020ರ ಫೆಬ್ರವರಿಯಿಂದ 2021ರ ಮಾರ್ಚ್‌ವರೆಗೆ ಅದೇ ಗಗಾರಿನ್ ಕೇಂದ್ರದಲ್ಲಿ ಅಭ್ಯಾಸ ನಡೆಸಿದರು. ಅವರ ಹೆಸರುಗಳನ್ನು ದೇಶಕ್ಕೆ ತಿಳಿಸಿದ್ದು 2024ರ ಫೆಬ್ರವರಿ 27ರಂದು! ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು.

ಅಭ್ಯರ್ಥಿಗಳ ಖಾಸಗಿ ಬದುಕನ್ನು ಕಾಪಾಡುವುದಕ್ಕೆ ಕಾರಣಗಳಿರಬಹುದು. ವೈಫಲ್ಯದ ವಿಷಯದಲ್ಲಿ ಅಂತಹ ಸಮರ್ಥನೆ ಕಷ್ಟ. 1979ರ ಆಗಸ್ಟ್‌ನಲ್ಲಿ ಎಸ್‌ಎಲ್‌ವಿ-3ರ ಮೊದಲ ಉಡಾವಣೆ ವಿಫಲವಾದಾಗ ಇಸ್ರೋ ಅಧ್ಯಕ್ಷ ಸತೀಶ್ ಧವನ್ ತಾವೇ ಪತ್ರಕರ್ತರ ಎದುರು ಕುಳಿತು ಹೊಣೆ ಹೊತ್ತರು. ಮರುವರ್ಷ ಯಶಸ್ಸು ಬಂದಾಗ ಮಾತನಾಡಲು ಅಬ್ದುಲ್ ಕಲಾಂ ಅವರನ್ನು ಮುಂದೆ ಬಿಟ್ಟರು. ಕಲಾಂ ಇದನ್ನು ಜೀವನವಿಡೀ ಸ್ಮರಿಸುತ್ತಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಅಪ್ಪಳಿಸಿದಾಗ ನಡೆದದ್ದು ಬೇರೆ. ಯೋಜನೆ ಶೇ. 98ರಷ್ಟು ಸಫಲವೆಂದು ಆಗಿನ ಅಧ್ಯಕ್ಷರು ಹೇಳಿದರು. ಕಾರಣದ ಕಿರು ವಿವರಣೆ ನವೆಂಬರ್‌ನಲ್ಲಿ ಸಂಸತ್ತಿಗೆ ನೀಡಿದ ಲಿಖಿತ ಉತ್ತರದಿಂದ ದೊರೆಯಿತು; ಪೂರ್ಣ ವರದಿ ಆಗ ಪ್ರಕಟವಾಗಲಿಲ್ಲ. ಒಳಗೆ ಮಾತ್ರ ಎಂಜಿನಿಯರುಗಳು ತಪ್ಪನ್ನು ನಿರ್ದಾಕ್ಷಿಣ್ಯವಾಗಿ ಶೋಧಿಸಿದರು. ಏನೇನು ಕೆಡಬಹುದು ಎಂಬ ಲೆಕ್ಕದ ಮೇಲೆಯೇ ಚಂದ್ರಯಾನ-3ನ್ನು ರೂಪಿಸಿದರು. 2023ರ ಆಗಸ್ಟ್ 23ರ ಯಶಸ್ಸು ಆ ಪ್ರಾಮಾಣಿಕತೆಯ ಫಲ. ಆ ನಾಲ್ಕು ವರ್ಷಗಳಿಗಿಂತ ಒಳ್ಳೆಯ ಕಥಾವಸ್ತು ಯಾವ ಬರಹಗಾರನಿಗೆ ಬೇಕು?

ಪೀಣ್ಯದ ಶೆಡ್ಡುಗಳ ಕಥೆಯೂ ಅಷ್ಟೇ. ಐದನೆಯ ದಿನಕ್ಕೆ ವಿದ್ಯುತ್ ವ್ಯವಸ್ಥೆಯ ದೋಷದಿಂದ ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ನಿಂತರೂ ಅದನ್ನು ಕಟ್ಟಿದ ತರುಣರು ಮುಂದಿನ ಉಪಗ್ರಹಗಳಿಗೆ ಬುನಾದಿ ಹಾಕಿದರು. ಇದರಲ್ಲಿ ಖಳನಾಯಕನಿಲ್ಲ, ಗುಂಡಿನ ಸದ್ದಿಲ್ಲ, ಆದರೆ ನಾಟಕವಿದೆ. ಕನ್ನಡ ಕಿರುತೆರೆ ಅತ್ತೆ-ಸೊಸೆಯರ ಜಗಳದಿಂದ ತುಸು ಬಿಡುವು ಪಡೆದು ಇತ್ತ ನೋಡಿದರೆ ನಷ್ಟವೇನೂ ಆಗದು.

ನೈಜ ಅಂತರಿಕ್ಷ ನಾಟಕವನ್ನು ಅಳೆಯಬೇಕಾದ ಕೋಲು ಅದರ ಗ್ರಾಫಿಕ್ಸ್ ಅಲ್ಲ. ಸೋಲನ್ನು ಅದು ಹೇಗೆ ತೋರಿಸುತ್ತದೆ, ಸೋಲಿನ ಹೊಣೆ ಹೊತ್ತವರನ್ನೂ ಅದನ್ನು ಬಚ್ಚಿಟ್ಟವರನ್ನೂ ಹೇಗೆ ಬೇರ್ಪಡಿಸುತ್ತದೆ ಎಂಬುದೇ ಮುಖ್ಯ. 'ಸ್ಟಾರ್ ಸಿಟಿ'ಗೂ ಇದೇ ಅಳತೆ, ನಾಳೆ ನಾವು ಮಾಡಬಹುದಾದ ಸರಣಿಗೂ ಇದೇ ಅಳತೆ. ಮನುಷ್ಯರನ್ನೇ ಅಂತರಿಕ್ಷಕ್ಕೆ ಕಳುಹಿಸಲು ಹೊರಟಿರುವ ದೇಶವೊಂದು ಈ ಪಾಠವನ್ನು ಪರದೆಯ ಮೇಲೆ ನೋಡಿ ಕಲಿತರೆ ಒಳ್ಳೆಯದು, ಅಪಘಾತದಿಂದ ಕಲಿಯುವಂತಾಗಬಾರದು.